ಮೊದಲ ವರ್ಷ ಮುಗಿಸಿ ಇನ್ನೂ ದೊಡ್ಡ ಯೂನಿವರ್ಸಿಟಿಗೆ: ಅಮೆರಿಕದಲ್ಲಿ ಟ್ರಾನ್ಸ್‌ಫರ್ ಆಗುವುದು ಹೇಗೆ?

ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. "ಈಗ ಸೇರಿರುವ ಕಡೆ ಒಂದು ವರ್ಷ ಓದಿ, ಆಮೇಲೆ ಹೆಸರಿರುವ ಯೂನಿವರ್ಸಿಟಿಗೆ ಹೋಗಬಹುದಾ?" ಕೇಳುವವರಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಅಲ್ಲಿಗೆ ಹೋದವರಿದ್ದಾರೆ. ಅಲ್ಲೇ ಹುಟ್ಟಿ ಬೆಳೆದ ನಮ್ಮ ಕನ್ನಡದ ಮನೆಗಳ ಮಕ್ಕಳಿದ್ದಾರೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂಜಿನಿಯರಿಂಗ್ ಸೇರಿ, ಮನಸ್ಸು ಮಾತ್ರ ಅಲ್ಲಿ ಇಟ್ಟುಕೊಂಡವರೂ ಇದ್ದಾರೆ.

ಹೋಗಬಹುದು. ಅಲ್ಲಿ ಇದು ವಿಚಿತ್ರವೇನಲ್ಲ. ಬರಾಕ್ ಒಬಾಮ ಕೂಡ ಕ್ಯಾಲಿಫೋರ್ನಿಯಾದ ಆಕ್ಸಿಡೆಂಟಲ್ ಕಾಲೇಜಿನಲ್ಲಿ ಎರಡು ವರ್ಷ ಓದಿ, 1981ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೀಗೆಯೇ ಹೋದವರು. ಆದರೆ ಸೀಟು ಸಿಕ್ಕರೆ ಕೆಲಸ ಅರ್ಧ ಮುಗಿಯಿತು ಅಷ್ಟೇ. ಉಳಿದರ್ಧ ಕ್ರೆಡಿಟ್ಟಿನದು, ದುಡ್ಡಿನದು. ಎಡವುವವರು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಮೊದಲು ಕೆಲವು ಪದ ಗೊತ್ತಿರಲಿ. ಡಿಗ್ರಿಯ ಮೊದಲ ವರ್ಷದವರನ್ನು ಫ್ರೆಶ್‌ಮನ್, ಎರಡನೇ ವರ್ಷದವರನ್ನು ಸಾಫಮೋರ್, ಮೂರನೇ ವರ್ಷದವರನ್ನು ಜೂನಿಯರ್ ಎನ್ನುತ್ತಾರೆ. ಕ್ರೆಡಿಟ್ ಎಂದರೆ ಒಂದು ಕೋರ್ಸಿಗೆ ಕೊಡುವ ತೂಕ. ಒಂದು ಕೋರ್ಸು ಸಾಮಾನ್ಯವಾಗಿ 3 ಅಥವಾ 4 ಕ್ರೆಡಿಟ್, ಡಿಗ್ರಿಗೆ ಸುಮಾರು 120. ಜಿಪಿಎ ಎಂದರೆ 4ಕ್ಕೆ ಲೆಕ್ಕ ಹಾಕಿದ ಸರಾಸರಿ. ಟ್ರಾನ್ಸ್‌ಕ್ರಿಪ್ಟ್ ಎಂದರೆ ಕಾಲೇಜೇ ನೇರವಾಗಿ ಕಳಿಸುವ ಅಧಿಕೃತ ಅಂಕಪಟ್ಟಿ.

1. ಯಾಕೆ ಹೋಗಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ

ಇದು ಬುದ್ಧಿವಾದ ಅಲ್ಲ. ಅರ್ಜಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಈಗಲೇ ಉತ್ತರ ಬೇಕು. "ಅದು ಫೇಮಸ್ಸು" ಎಂದು ಬರೆಯಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಯೂನಿವರ್ಸಿಟಿಯ ಹೆಸರು ಎತ್ತದೆ ಕಾರಣ ಹೇಳಿ ನೋಡಿ. ನಿಮ್ಮ ವಿಷಯದಲ್ಲಿ ಈಗಿನ ಕಾಲೇಜಿನಲ್ಲಿ ಮೇಲಿನ ಹಂತದ ಕೋರ್ಸುಗಳೇ ಇಲ್ಲದಿರಬಹುದು. ನಿಮಗೆ ಬೇಕಾದ ಮೇಜರ್, ಅಂದರೆ ಮುಖ್ಯ ವಿಷಯ, ಅಲ್ಲಿ ಇಲ್ಲದೇ ಇರಬಹುದು. ಇವು ಒಳ್ಳೆಯ ಕಾರಣಗಳು. ಹಾಳೆ ಖಾಲಿ ಉಳಿದರೆ, ಇನ್ನೊಂದು ಸೆಮಿಸ್ಟರ್ ಇದ್ದಲ್ಲೇ ಇರಿ. ಮೊದಲ ಎರಡು ತಿಂಗಳು ಊರು, ಊಟ, ರೂಮ್‌ಮೇಟ್ ಯಾವುದೂ ಯಾರಿಗೂ ಒಗ್ಗುವುದಿಲ್ಲ. ಆ ಬೇಸರಕ್ಕೂ ಟ್ರಾನ್ಸ್‌ಫರ್‌ಗೂ ಸಂಬಂಧ ಇಲ್ಲ.

2. ಬಾಗಿಲು ಎಲ್ಲಿ ತೆರೆದಿದೆ ಎಂದು ಹುಡುಕಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಫ್ರೆಶ್‌ಮನ್ ಆಗಿ ಸೇರುವುದು ಎಷ್ಟು ಕಷ್ಟ ಎಂಬುದಕ್ಕೂ ಟ್ರಾನ್ಸ್‌ಫರ್ ಆಗಿ ಸೇರುವುದು ಎಷ್ಟು ಕಷ್ಟ ಎಂಬುದಕ್ಕೂ ತಾಳೆಯೇ ಇರುವುದಿಲ್ಲ. ಹಾರ್ವರ್ಡ್ ವರ್ಷಕ್ಕೆ ತೆಗೆದುಕೊಳ್ಳುವುದು ಹನ್ನೆರಡರ ಆಸುಪಾಸು ಮಂದಿಯನ್ನು. ಪ್ರಿನ್ಸ್‌ಟನ್ 1990ರಿಂದ ಟ್ರಾನ್ಸ್‌ಫರ್ ಬಾಗಿಲನ್ನೇ ಮುಚ್ಚಿಕೊಂಡಿತ್ತು. 2018ರಲ್ಲಿ ಮತ್ತೆ ತೆರೆದರೂ ಮುಖ್ಯವಾಗಿ ಸೈನ್ಯದಿಂದ ಬಂದವರು, ಕಡಿಮೆ ಆದಾಯದ ಮನೆಯವರು, ಕಮ್ಯುನಿಟಿ ಕಾಲೇಜಿನವರು, ಅಂದರೆ ಎರಡು ವರ್ಷದ, ಕಡಿಮೆ ಫೀಸಿನ ಸರ್ಕಾರಿ ಕಾಲೇಜಿನವರು, ಇವರನ್ನು ನೋಡುತ್ತದೆ. ಇವೆರಡೂ ಇರುವ ಐವಿ ಲೀಗ್ ಎಂಬ ಹೆಸರಾಂತ ಯೂನಿವರ್ಸಿಟಿಗಳ ಗುಂಪಿನದೇ ಆದ ಕಾರ್ನೆಲ್ ಪ್ರತಿ ವರ್ಷ ನೂರಾರು ಮಂದಿಯನ್ನು ಸೇರಿಸಿಕೊಳ್ಳುತ್ತದೆ. ಲಾಸ್ ಏಂಜಲೀಸ್‌ನ ಯುಎಸ್‌ಸಿಯಲ್ಲಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ಈ ಸಂಖ್ಯೆ ಸಾವಿರ ದಾಟುತ್ತದೆ. ಬರೀ ರ‍್ಯಾಂಕಿಂಗ್ ಪಟ್ಟಿ ಹಿಡಿದು ಕೂತರೆ ಇದು ಗೊತ್ತಾಗುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಬಹುತೇಕ ಯೂನಿವರ್ಸಿಟಿಗಳು ಪ್ರತಿ ವರ್ಷ 'ಕಾಮನ್ ಡೇಟಾ ಸೆಟ್' ಎಂಬ ದಾಖಲೆ ಹಾಕುತ್ತವೆ. ಯೂನಿವರ್ಸಿಟಿಯ ಹೆಸರಿನ ಜೊತೆ ಇದನ್ನು ಸೇರಿಸಿ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಅದರ ಡಿ ಭಾಗ ಪೂರ್ತಿ ಟ್ರಾನ್ಸ್‌ಫರ್ ಬಗ್ಗೆ: ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸೀಟು ಸಿಕ್ಕಿತು, ಎಷ್ಟು ಜನ ಸೇರಿದರು, ಕನಿಷ್ಠ ಎಷ್ಟು ಕ್ರೆಡಿಟ್ ಮುಗಿಸಿರಬೇಕು, ಹೊರಗಿನಿಂದ ಗರಿಷ್ಠ ಎಷ್ಟು ತರಬಹುದು. ಕನ್ಸಲ್ಟೆಂಟ್ ಒಬ್ಬರಿಗೆ ದುಡ್ಡು ಕೊಡುವ ಮೊದಲು ಈ ಒಂದು ಭಾಗ ಓದಿ. ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಎಲ್ಲರೂ ಬೀಳುವ ಹಳ್ಳ ಕ್ಯಾಲಿಫೋರ್ನಿಯಾದಲ್ಲಿದೆ. ಬರ್ಕ್ಲಿ, ಯುಸಿಎಲ್‌ಎ ಸೇರಿದಂತೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್ಸುಗಳು ಟ್ರಾನ್ಸ್‌ಫರ್‌ನವರನ್ನು ಸಾಮಾನ್ಯವಾಗಿ ಜೂನಿಯರ್ ಮಟ್ಟದಲ್ಲೇ ತೆಗೆದುಕೊಳ್ಳುತ್ತವೆ. ಅಂದರೆ 60 ಸೆಮಿಸ್ಟರ್ ಯೂನಿಟ್, ಅಥವಾ ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ 90 ಕ್ವಾರ್ಟರ್ ಯೂನಿಟ್ ಮುಗಿದಿರಬೇಕು. ಯೂನಿಟ್ ಎಂದರೆ ಅಲ್ಲಿ ಕ್ರೆಡಿಟ್ಟೇ. ಒಂದೇ ವರ್ಷ ಓದಿ ಅಲ್ಲಿಗೆ ಅರ್ಜಿ ಹಾಕಿದರೆ ಫೀಸು ದಂಡ. ಅದರಲ್ಲೂ ಮೊದಲ ಆದ್ಯತೆ ಆ ರಾಜ್ಯದ ಕಮ್ಯುನಿಟಿ ಕಾಲೇಜಿನವರಿಗೆ. ಬೇ ಏರಿಯಾದ ಕನ್ನಡಿಗರಿಗೆ ಕುಪರ್ಟಿನೋದ ಡಿ ಆನ್ಜಾ ಕಾಲೇಜು ಗೊತ್ತೇ ಇರುತ್ತದೆ. ಅಲ್ಲಿಂದ ಯುಸಿಗೆ ಹೋಗುವುದು ಸವೆದ ದಾರಿ. 'ಟ್ಯಾಗ್' ಎಂಬ ಖಾತರಿ ಒಪ್ಪಂದವೂ ಇದೆ: ಹೇಳಿದ ಕೋರ್ಸು, ಹೇಳಿದ ಜಿಪಿಎ ತಂದರೆ ಸೀಟು ಖಚಿತ. ಆದರೆ ಅದು ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರಕ್ಕೆ ಮಾತ್ರ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿ ಇಲ್ಲ. ಯಾವ ಕೋರ್ಸಿಗೆ ಯಾವುದು ಸಮ ಎಂದು ತಿಳಿಯಲು 'ಅಸಿಸ್ಟ್' ಎಂಬ ಜಾಲತಾಣ ಇದೆ, ಪುಕ್ಕಟೆ.

ಇನ್ನೊಂದು ಮಾತು. ಯೂನಿವರ್ಸಿಟಿಯ ಬಾಗಿಲು ತೆರೆದಿದ್ದರೂ ನಿಮ್ಮ ಮೇಜರ್‌ನ ಬಾಗಿಲು ಮುಚ್ಚಿರಬಹುದು. ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್, ನರ್ಸಿಂಗ್, ಬಿಸಿನೆಸ್ ಇವುಗಳಲ್ಲಿ ಜಾಗ ಸೀಮಿತ. "ಬೇರೆ ಮೇಜರ್‌ನಲ್ಲಿ ಒಳಗೆ ಹೋಗಿ ಆಮೇಲೆ ಬದಲಾಯಿಸಿಕೊಂಡರಾಯಿತು" ಎನ್ನುವವರು ಬಹಳ. ಎಷ್ಟೋ ಕಡೆ ಆ ಬದಲಾವಣೆಗೇ ಅವಕಾಶ ಇರುವುದಿಲ್ಲ. ಆ ವಿಭಾಗದ ಪುಟ ತೆರೆದು, ಒಳಗಿನ ವರ್ಗಾವಣೆಯ ನಿಯಮ ಓದದೆ ಈ ಆಟ ಆಡಬೇಡಿ.

ಆರರಿಂದ ಎಂಟು ಹೆಸರು ಸಾಕು. ಅದರಲ್ಲಿ ಎರಡಕ್ಕಿಂತ ಜಾಸ್ತಿ 'ದೇವರೇ ಗತಿ' ಜಾತಿಯವು ಬೇಡ.

3. ಮೊದಲ ಸೆಮಿಸ್ಟರ್‌ನಲ್ಲೇ ಗೆಲ್ಲಿ

ಲೆಕ್ಕ ಹಾಕಿ. ಅರ್ಜಿಯ ಕೊನೆಯ ದಿನ ಬಹುತೇಕ ಫೆಬ್ರವರಿ, ಮಾರ್ಚ್‌ನಲ್ಲಿ. ಆ ಹೊತ್ತಿಗೆ ನಿಮ್ಮ ಕೈಯಲ್ಲಿರುವುದು ಒಂದೇ ಸೆಮಿಸ್ಟರ್‌ನ ಗ್ರೇಡು. ನಾಲ್ಕೈದು ಕೋರ್ಸು, ಅಷ್ಟೇ. ಒಂದು 'ಸಿ' ಬಂದರೂ ಸರಾಸರಿ ಕೆಳಗೆ ಬೀಳುತ್ತದೆ, ಎತ್ತಲು ಸಮಯ ಇರುವುದಿಲ್ಲ. ಸ್ಪರ್ಧೆ ಜೋರಾಗಿರುವ ಕಡೆ 3.7ಕ್ಕಿಂತ ಮೇಲಿದ್ದರೆ ಮಾತಿಗೆ ಬಲ ಬರುತ್ತದೆ ಎಂಬುದು ನನ್ನ ಅಂದಾಜು. ಒಂದೇ ವರ್ಷ ಓದಿದವರ ಹೈಸ್ಕೂಲ್ ಅಂಕಗಳನ್ನೂ ನೋಡುತ್ತಾರೆ. ಭಾರತದಿಂದ ಹೋದವರಿಗೆ ಹತ್ತನೇ ತರಗತಿ ಮತ್ತು ಪಿಯುಸಿ ಅಂಕಗಳು ಈ ಲೆಕ್ಕದಲ್ಲಿ ಬರುತ್ತವೆ. ಪಿಯುಸಿ ಸೋಲನ್ನು ಒಂದು ಸೆಮಿಸ್ಟರ್ ಪೂರ್ತಿ ಅಳಿಸಿಬಿಡುವುದಿಲ್ಲ.

ಕೋರ್ಸು ಆರಿಸುವಾಗಲೂ ಮುಂದಿನ ಮನೆ ನೋಡಿ ಆರಿಸಿ. ಇಂಜಿನಿಯರಿಂಗ್ ಬಯಸುವವರು ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ, ಪ್ರೋಗ್ರಾಮಿಂಗ್ ಬಿಟ್ಟು ಸುಲಭದ ಕೋರ್ಸಿನಲ್ಲಿ 'ಎ' ತೆಗೆದರೆ ಉಪಯೋಗವಿಲ್ಲ. ಬರವಣಿಗೆಯ ಒಂದು ಕೋರ್ಸು ಎಲ್ಲ ಕಡೆ ಬೇಕಾಗುತ್ತದೆ, ಮರೆಯದೆ ತೆಗೆದುಕೊಳ್ಳಿ. ಪ್ರತಿ ಕೋರ್ಸಿನ ಸಿಲಬಸ್ಸನ್ನು, ಅಂದರೆ ವಾರವಾರದ ಪಾಠದ ಪಟ್ಟಿಯನ್ನು, ಮೊದಲ ದಿನವೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಯಾಕೆ ಎಂದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

4. ಇಬ್ಬರು ಪ್ರೊಫೆಸರ್‌ಗಳಿಗೆ ನಿಮ್ಮ ಮುಖ ಪರಿಚಯ ಇರಲಿ

ಶಿಫಾರಸು ಪತ್ರ ಒಂದೋ ಎರಡೋ ಬೇಕು, ಅದೂ ಕಾಲೇಜಿನಲ್ಲಿ ಪಾಠ ಮಾಡಿದವರಿಂದ. ಮೊದಲ ವರ್ಷದ ತರಗತಿಯಲ್ಲಿ ಇನ್ನೂರು ಮುನ್ನೂರು ಜನ. ಹಿಂದಿನ ಬೆಂಚಿನಲ್ಲಿ ಕೂತು 'ಎ' ತೆಗೆದರೂ ಪ್ರೊಫೆಸರ್‌ಗೆ ನೀವು ಯಾರೆಂದು ಗೊತ್ತಿರುವುದಿಲ್ಲ. ಅದಕ್ಕೇ 'ಆಫೀಸ್ ಅವರ್ಸ್' ಇರುವುದು. ಪ್ರೊಫೆಸರ್ ತಮ್ಮ ಕೋಣೆಯಲ್ಲಿ ವಿದ್ಯಾರ್ಥಿಗಳಿಗಾಗಿ ಕಾಯುವ ಸಮಯ ಅದು, ಹೋದರೆ ತೊಂದರೆ ಕೊಟ್ಟಂತೆ ಅಲ್ಲ. ನಮ್ಮ ಕಡೆಯ ಮಕ್ಕಳಿಗೆ ಈ ಸಂಕೋಚ ಜಾಸ್ತಿ. ಸೆಪ್ಟೆಂಬರ್‌ನಿಂದಲೇ ಹೋಗಿ. ಸುಮ್ನೆ ಹಾಯ್ ಹೇಳಲು ಬೇಡ, ಪಾಠದ ಒಂದು ನಿಜವಾದ ಪ್ರಶ್ನೆ ಹಿಡಿದು ಹೋಗಿ. ಪತ್ರವನ್ನು ಕೊನೆಯ ದಿನಕ್ಕೆ ಆರು ವಾರ ಮುಂಚೆ ಕೇಳಿ. ಟಿಎ, ಅಂದರೆ ಸಹಾಯಕ ಬೋಧಕರ ಪತ್ರ ಒಂದನ್ನೇ ನಂಬಿಕೊಳ್ಳಬೇಡಿ.

5. ಕಾಗದಪತ್ರ ಮತ್ತು ದಿನಾಂಕ

ಹೆಚ್ಚಿನ ಖಾಸಗಿ ಯೂನಿವರ್ಸಿಟಿಗಳಿಗೆ 'ಕಾಮನ್ ಆ್ಯಪ್' ಎಂಬ ಒಂದೇ ಅರ್ಜಿ ಸಾಕು. ಆದರೆ ಅದರಲ್ಲಿ ಟ್ರಾನ್ಸ್‌ಫರ್‌ಗೆ ಬೇರೆಯೇ ಅರ್ಜಿ ಇದೆ. ಹೋದ ವರ್ಷದ ಫ್ರೆಶ್‌ಮನ್ ಖಾತೆಯಲ್ಲೇ ಮುಂದುವರಿದು ತಪ್ಪು ಅರ್ಜಿ ತುಂಬಿದವರು ಇದ್ದಾರೆ. ಇವಿಷ್ಟು ಬೇಕು:

- ಕಾಲೇಜಿನ ಮತ್ತು ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್.
- ಕಾಲೇಜ್ ರಿಪೋರ್ಟ್: ನಿಮ್ಮ ಮೇಲೆ ಶಿಸ್ತುಕ್ರಮ ಏನೂ ಇಲ್ಲ ಎಂದು ಈಗಿನ ಕಾಲೇಜಿನ ಅಧಿಕಾರಿ ಸಹಿ ಹಾಕುವ ಫಾರಂ.
- ಮಿಡ್‌ಟರ್ಮ್ ರಿಪೋರ್ಟ್: ಎರಡನೇ ಸೆಮಿಸ್ಟರ್ ನಡೆಯುತ್ತಿರುವಾಗ ಪ್ರತಿ ಕೋರ್ಸಿನಲ್ಲಿ ನಿಮ್ಮ ಗ್ರೇಡು ಎಲ್ಲಿದೆ ಎಂದು ಬೋಧಕರು ಬರೆದುಕೊಡುವುದು.
- ಶಿಫಾರಸು ಪತ್ರ, ಪ್ರಬಂಧ, ಕೆಲವು ಕಡೆ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ. ಎಂಐಟಿಯಂಥ ಕಡೆ ಎಸ್‌ಎಟಿ ಅಥವಾ ಅದರಂಥದ್ದೇ ಪರೀಕ್ಷೆಯಾದ ಎಸಿಟಿ ಕಡ್ಡಾಯ.

ಮಿಡ್‌ಟರ್ಮ್ ರಿಪೋರ್ಟ್ ಬಹಳ ಜನರಿಗೆ ಕೈಕೊಡುತ್ತದೆ. ಕಾಲೇಜು ತಾನಾಗಿ ಕಳಿಸುತ್ತದೆ ಎಂದುಕೊಂಡು ಕೂರುತ್ತಾರೆ. ನೀವೇ ಓಡಾಡಿ ಬರೆಸಬೇಕು, ಅದೂ ಸ್ಪ್ರಿಂಗ್ ಬ್ರೇಕ್ ಎಂದು ಎಲ್ಲರೂ ಊರು ಬಿಡುವ ಮುಂಚೆ. ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿ ಕೇಳುತ್ತದೆ. ಹೌದು ಎನ್ನಿ. ನೀವು ನೋಡುವುದಿಲ್ಲ ಎಂದಾದರೆ ಪತ್ರದ ಮೇಲೆ ಅವರಿಗೆ ನಂಬಿಕೆ ಜಾಸ್ತಿ.

ದಿನಾಂಕಗಳ ಅಂದಾಜು ಹೀಗಿದೆ: ಯುಸಿಗಳಿಗೆ ನವೆಂಬರ್ ಕೊನೆ, ಯುಎಸ್‌ಸಿಗೆ ಫೆಬ್ರವರಿ 15, ಹಾರ್ವರ್ಡ್‌ಗೆ ಮಾರ್ಚ್ 1, ಕಾರ್ನೆಲ್‌ಗೆ ಮಾರ್ಚ್ 15, ಎನ್‌ವೈಯುಗೆ (ನ್ಯೂಯಾರ್ಕ್ ಯೂನಿವರ್ಸಿಟಿ) ಏಪ್ರಿಲ್ 1. ಒಂದೇ ಯೂನಿವರ್ಸಿಟಿಯಲ್ಲೂ ವಿಭಾಗಕ್ಕೊಂದು ದಿನಾಂಕ ಇರುವುದುಂಟು, ಆ ವರ್ಷದ ಪುಟ ನೋಡಿಯೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಉತ್ತರ ಬರುವುದು ಮೇ ತಿಂಗಳ ಸುಮಾರಿಗೆ, ಕೆಲವು ಕಡೆ ಜೂನ್.

ಕರ್ನಾಟಕದ ಕಾಲೇಜಿನಿಂದ ನೇರವಾಗಿ ಅರ್ಜಿ ಹಾಕುವವರಿಗೆ ಎರಡು ಮಾತು. ಡಿಗ್ರಿಗೆ ಸೇರಿ ಓದುತ್ತಿದ್ದರೆ ನೀವೂ ಟ್ರಾನ್ಸ್‌ಫರ್ ಅಭ್ಯರ್ಥಿಯೇ. ಅದನ್ನು ಮುಚ್ಚಿಟ್ಟು ಫ್ರೆಶ್‌ಮನ್ ಎಂದು ಹಾಕಿದರೆ, ಗೊತ್ತಾದ ದಿನ ಸೀಟು ಹೋಗುತ್ತದೆ. ವಿಟಿಯುನಂಥ ಕಡೆಯ 10ರ ಲೆಕ್ಕದ ಅಂಕವನ್ನು ನೀವೇ 4ಕ್ಕೆ ಇಳಿಸಬೇಡಿ, ಇದ್ದಂತೆಯೇ ಬರೆಯಿರಿ. ಕೆಲವು ಯೂನಿವರ್ಸಿಟಿಗಳು ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಕೋರ್ಸುವಾರು ಮೌಲ್ಯಮಾಪನ ಕೇಳುತ್ತವೆ. ಟ್ರಾನ್ಸ್‌ಕ್ರಿಪ್ಟ್ ಕೈಗೆ ಬರಲು ವಾರಗಟ್ಟಲೆ ಓಡಾಟ ಇರುತ್ತದೆ, ಆದ್ದರಿಂದ ಡಿಸೆಂಬರ್‌ನಲ್ಲೇ ಶುರು ಮಾಡಿ. ಸೀಟು ಬಿಡುವಾಗ ಎಷ್ಟು ಕಟ್ಟಬೇಕು, ಮೂಲ ಅಂಕಪಟ್ಟಿ ಯಾವಾಗ ವಾಪಸ್ ಕೊಡುತ್ತಾರೆ ಎಂಬುದನ್ನು ಕಾಲೇಜಿನಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಆಗುವುದಿಲ್ಲ.

6. ಪ್ರಬಂಧ: ಬೈಯಬೇಡಿ, ಹೊಗಳಲೂ ಬೇಡಿ

ಈಗಿನ ಕಾಲೇಜನ್ನು ಬೈದರೆ ಗೊಣಗುವವರಂತೆ ಕಾಣುತ್ತೀರಿ. ಹೋಗಬೇಕಾದ ಕಡೆಯನ್ನು ಹೊಗಳಿದರೆ, ಅವರ ಬಗ್ಗೆ ಅವರಿಗೇ ಗೊತ್ತಿರುವುದನ್ನು ಹೇಳಿದಂತೆ. ಇಲ್ಲಿ ಏನು ಮಾಡಿದಿರಿ, ಅದರಿಂದ ಯಾವ ಪ್ರಶ್ನೆ ಹುಟ್ಟಿತು, ಅದನ್ನು ಮುಂದುವರಿಸಲು ಇಲ್ಲಿ ಯಾಕೆ ಆಗುತ್ತಿಲ್ಲ, ಅಲ್ಲಿ ಹೇಗೆ ಆಗುತ್ತದೆ. ಪ್ರಬಂಧದ ಬೆನ್ನುಮೂಳೆ ಇಷ್ಟೇ. ಉದಾಹರಣೆಗೆ, ನೀರಿನ ಗುಣಮಟ್ಟದ ಬಗ್ಗೆ ಕೆಲಸ ಮಾಡಬೇಕೆಂದಿರುವ ಹುಡುಗಿ, ಈಗಿನ ಕಾಲೇಜಿನಲ್ಲಿ ಮೊದಲ ಕೆಮಿಸ್ಟ್ರಿ ಲ್ಯಾಬ್ ಮುಗಿಸಿದ ಮೇಲೆ ಮುಂದಿನ ಪರಿಸರ ಇಂಜಿನಿಯರಿಂಗ್ ಕೋರ್ಸೇ ಇಲ್ಲ ಎಂದು ಬರೆದರೆ, ಓದುವವರಿಗೆ ತಕ್ಷಣ ಅರ್ಥವಾಗುತ್ತದೆ. ಬರೆದ ಮೇಲೆ ಯೂನಿವರ್ಸಿಟಿಯ ಹೆಸರು ಅಳಿಸಿ ಇನ್ನೊಂದರ ಹೆಸರು ಹಾಕಿ ಓದಿ. ಆಗಲೂ ಸರಿಹೊಂದಿದರೆ ಮತ್ತೆ ಬರೆಯಿರಿ.

7. ಸೀಟು ಬಂತು. ಒಪ್ಪಿಕೊಳ್ಳುವ ಮೊದಲು ಎರಡು ಲೆಕ್ಕ

ಮೊದಲನೆಯದು ಕ್ರೆಡಿಟ್. ನಿಮ್ಮ ಗ್ರೇಡು ಹೊಸ ಕಡೆಗೆ ಬರುವುದಿಲ್ಲ, ಕ್ರೆಡಿಟ್ ಮಾತ್ರ ಬರುತ್ತದೆ. ಅಲ್ಲಿ ಜಿಪಿಎ ಸೊನ್ನೆಯಿಂದ ಶುರು. ಆ ಕ್ರೆಡಿಟ್ಟೂ ಎಲ್ಲ ಬರುವುದಿಲ್ಲ. ಸಾಮಾನ್ಯವಾಗಿ 'ಸಿ' ಅಥವಾ ಅದಕ್ಕಿಂತ ಮೇಲಿನ ಗ್ರೇಡಿನವನ್ನೇ ಒಪ್ಪುತ್ತಾರೆ. ಒಪ್ಪಿದರೂ ಎರಡು ಬಗೆ ಇದೆ, ಇಲ್ಲಿ ಕಣ್ಣು ಬಿಟ್ಟು ನೋಡಿ. ಒಂದು, ಮೇಜರ್‌ನ ಅಗತ್ಯಕ್ಕೆ ಲೆಕ್ಕವಾಗುವ ಕ್ರೆಡಿಟ್. ಇನ್ನೊಂದು 'ಇಲೆಕ್ಟಿವ್', ಅಂದರೆ ಒಟ್ಟು ಮೊತ್ತಕ್ಕೆ ಸೇರಿದರೂ ಯಾವ ಕಡ್ಡಾಯ ಕೋರ್ಸಿನ ಜಾಗವನ್ನೂ ತುಂಬದ ಕ್ರೆಡಿಟ್. "30 ಕ್ರೆಡಿಟ್ ಒಪ್ಪಿದ್ದೇವೆ" ಎಂಬ ಪತ್ರ ನೋಡಿ ಕುಣಿದವರು, ಕ್ಯಾಲ್ಕುಲಸ್ ಮತ್ತೆ ಓದಬೇಕಾಗಿ ಬಂದಾಗ ತಲೆ ಹಿಡಿದು ಕೂರುತ್ತಾರೆ. ಆದ್ದರಿಂದ ವಿಭಾಗದ ಅಡ್ವೈಸರ್‌ಗೆ ಬರೆದು, ಯಾವ ಕೋರ್ಸು ಯಾವುದಕ್ಕೆ ಸಮ ಎಂಬ ಪಟ್ಟಿ ಕೇಳಿ. ಒಪ್ಪದ ಕೋರ್ಸಿಗೆ ಮರುಪರಿಶೀಲನೆ ಕೇಳಬಹುದು. ಆಗ ಬೇಕಾಗುವುದೇ ಆ ಸಿಲಬಸ್ ಪಿಡಿಎಫ್.

ಡಿಗ್ರಿಯ ಅರ್ಧದಷ್ಟಾದರೂ, ಅಂದರೆ 60 ಕ್ರೆಡಿಟ್, ತಮ್ಮಲ್ಲೇ ಓದಬೇಕು ಎಂಬ ನಿಯಮ ಹಲವು ಕಡೆ ಇದೆ. ಒಂದೇ ವರ್ಷ ಓದಿ ಬಂದವರಿಗೆ ಇದು ತೊಡಕಲ್ಲ. ಆದರೆ ಒಂದು ಸೆಮಿಸ್ಟರ್ ಹೆಚ್ಚು ಬಿದ್ದರೆ ಅದರ ಖರ್ಚನ್ನು ಇವತ್ತೇ ಕೂಡಿಸಿ.

ಎರಡನೆಯದು ದುಡ್ಡು. ಮೆರಿಟ್ ಸ್ಕಾಲರ್‌ಶಿಪ್‌ಗಳಲ್ಲಿ ಬಹುಪಾಲು ಫ್ರೆಶ್‌ಮನ್ ಆಗಿ ಸೇರುವವರಿಗೇ ಮೀಸಲು. ಈಗಿನ ಕಡೆ ಸಿಕ್ಕಿದ್ದು ಅಲ್ಲೇ ಉಳಿಯುತ್ತದೆ, ಜೊತೆಗೆ ಬರುವುದಿಲ್ಲ. ಎಫ್-1ನಲ್ಲಿ ಇರುವವರಿಗೆ ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವು ಇಲ್ಲ. "ನೀಡ್ ಬ್ಲೈಂಡ್", ಅಂದರೆ ದುಡ್ಡು ಕೇಳಿದರೂ ಅದು ಆಯ್ಕೆಗೆ ಅಡ್ಡಿಯಾಗದು ಎಂಬ ನೀತಿ ಫ್ರೆಶ್‌ಮನ್‌ಗೆ ಇದ್ದ ಮಾತ್ರಕ್ಕೆ ವಿದೇಶಿ ಟ್ರಾನ್ಸ್‌ಫರ್‌ಗೂ ಇದೆ ಎಂದು ತಿಳಿಯಬೇಡಿ, ಇಮೇಲ್ ಬರೆದು ಕೇಳಿ. ನೆರವು ಬೇಕಿದ್ದರೆ ಅರ್ಜಿಯ ಜೊತೆಗೇ ಕೇಳಬೇಕು. ಸೀಟು ಬಂದ ಮೇಲೆ ಕೇಳಿದರೆ ಹಲವು ಕಡೆ ಕೊಡುವುದೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬರೀ ಹೆಸರಿಗಾಗಿ ಮನೆ ಅಡವಿಟ್ಟು ಸ್ಕಾಲರ್‌ಶಿಪ್ ಬಿಟ್ಟು ಹೋಗುವುದು ಬೇಡ. ಇದ್ದಲ್ಲೇ ಚೆನ್ನಾಗಿ ಓದಿ ಮಾಸ್ಟರ್ಸ್‌ಗೆ ಅದೇ ಯೂನಿವರ್ಸಿಟಿಗೆ ಹೋಗುವ ದಾರಿ ಇದ್ದೇ ಇದೆ.

8. ಎಫ್-1ನವರು ವೀಸಾದ ಕೆಲಸವನ್ನು ಕ್ರಮವಾಗಿ ಮಾಡಿ

ವಿದೇಶಿ ವಿದ್ಯಾರ್ಥಿಗಳ ದಾಖಲೆ ಇರುವ ಸರ್ಕಾರಿ ವ್ಯವಸ್ಥೆಗೆ ಸೆವಿಸ್ ಎಂದು ಹೆಸರು. ಪ್ರತಿ ಕಾಲೇಜಿನಲ್ಲೂ ಅದನ್ನು ನೋಡಿಕೊಳ್ಳುವ ಅಧಿಕಾರಿ ಡಿಎಸ್‌ಒ. ಹೊಸ ಕಡೆ ಸೇರುವುದು ಖಚಿತವಾದ ಮೇಲೆ, ಸೀಟಿನ ಪತ್ರ ತೋರಿಸಿ ಈಗಿನ ಡಿಎಸ್‌ಒ ಬಳಿ 'ಟ್ರಾನ್ಸ್‌ಫರ್ ರಿಲೀಸ್ ದಿನಾಂಕ' ನಿಗದಿ ಮಾಡಿಸಿ. ಆ ದಿನ ನಿಮ್ಮ ದಾಖಲೆ ಹೊಸ ಯೂನಿವರ್ಸಿಟಿಗೆ ಹೋಗುತ್ತದೆ, ಆಮೇಲೆ ಹೊಸ ಐ-20 ಬರುತ್ತದೆ. ಐ-20 ಎಂದರೆ ನೀವು ಅಲ್ಲಿನ ವಿದ್ಯಾರ್ಥಿ ಎನ್ನುವ ಮುಖ್ಯ ಕಾಗದ. ಅದಕ್ಕಾಗಿ ಬ್ಯಾಂಕಿನ ದುಡ್ಡಿನ ಪುರಾವೆ ಮತ್ತೆ ಕೊಡಬೇಕು. ಸೆವಿಸ್ ಸಂಖ್ಯೆ ಹಳೆಯದೇ ಆದ್ದರಿಂದ ಸೆವಿಸ್‌ಗೆ ಕಟ್ಟುವ 350 ಡಾಲರಿನ ಐ-901 ಫೀಸು ಮತ್ತೆ ಕಟ್ಟಬೇಕಿಲ್ಲ.

ಎರಡು ಎಚ್ಚರ. ರಿಲೀಸ್ ದಿನಾಂಕ ಕಳೆದ ಮೇಲೆ ಹಳೆಯ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವಂತಿಲ್ಲ, ಹಳೆಯ ಡಿಎಸ್‌ಒ ಏನನ್ನೂ ಬದಲಿಸಲು ಆಗುವುದೂ ಇಲ್ಲ. ಹಾಗೆಯೇ ಬೇಸಿಗೆಗೆ ಊರಿಗೆ ಬಂದಿದ್ದು ಆ ದಿನಾಂಕ ದಾಟಿದರೆ, ವಾಪಸ್ ಹೋಗುವಾಗ ಕೈಯಲ್ಲಿ ಹೊಸ ಐ-20 ಇರಲೇಬೇಕು. ವೀಸಾ ಮುದ್ರೆಯಲ್ಲಿ ಹಳೆಯ ಕಾಲೇಜಿನ ಹೆಸರಿದ್ದರೂ, ಅವಧಿ ಮುಗಿದಿಲ್ಲದಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಸೇರಿದ ಮೇಲೆ, ಐ-20ಯಲ್ಲಿರುವ ಆರಂಭದ ದಿನದಿಂದ 15 ದಿನದೊಳಗೆ ಹೊಸ ಡಿಎಸ್‌ಒ ಮುಂದೆ ಹಾಜರಿ ಹಾಕಿ.

2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಎಫ್-1 ನಿಯಮ ಬದಲಿಸುವ ಪ್ರಸ್ತಾವ ಹೊರಡಿಸಿತು. ಮೊದಲ ಐ-20 ಕೊಟ್ಟ ಕಾಲೇಜಿನಲ್ಲಿ ಒಂದು ಶೈಕ್ಷಣಿಕ ವರ್ಷ ಮುಗಿಸದೆ ಟ್ರಾನ್ಸ್‌ಫರ್ ಆಗಬಾರದು ಎಂಬುದೂ ಅದರಲ್ಲಿತ್ತು. ಆದ್ದರಿಂದ ಮೊದಲ ವರ್ಷದ ನಡುವೆಯೇ, ಜನವರಿಗೆ ಹಾರುವ ಯೋಚನೆ ಇದ್ದರೆ ಅರ್ಜಿ ಹಾಕುವ ಮುಂಚೆಯೇ ಡಿಎಸ್‌ಒ ಬಳಿ ಈಗಿನ ನಿಯಮ ಕೇಳಿಕೊಳ್ಳಿ. ಭಾರತದಿಂದ ಹೊಸದಾಗಿ ಹೋಗುವವರಿಗೆ ಈ ಸೆವಿಸ್ ಟ್ರಾನ್ಸ್‌ಫರ್ ಅನ್ವಯಿಸದು. ನಿಮಗೆ ಹೊಸ ಐ-20, ಹೊಸ ಫೀಸು, ವೀಸಾ ಸಂದರ್ಶನ ಎಲ್ಲವೂ ಇದೆ. ಅಪ್ಪ ಅಮ್ಮನ ಎಚ್-1ಬಿ ಎಂಬ ಉದ್ಯೋಗ ವೀಸಾದ ಆಸರೆಯಲ್ಲಿ, ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಇರುವವರಿಗೆ ಐ-20 ಬೇಕಿಲ್ಲ, ಆದರೆ 21 ತುಂಬಿದಾಗ ಎಚ್-4 ಮುಗಿಯುತ್ತದೆ. ಡಿಗ್ರಿ ಅಷ್ಟರೊಳಗೆ ಮುಗಿಯುವುದು ಅನುಮಾನ, ಈಗಲೇ ಯೋಚಿಸಿ.

9. ಹಳೆಯ ಮನೆ ಖಾಲಿ ಮಾಡುವುದು

ಹೊಸ ಕಡೆ ಡಿಪಾಸಿಟ್ ಕಟ್ಟಿ, ಐ-20 ಬರುವವರೆಗೆ ಹಳೆಯ ಕಡೆಯ ಮುಂದಿನ ಸೆಮಿಸ್ಟರ್ ನೋಂದಣಿ ರದ್ದು ಮಾಡಬೇಡಿ. ಹಾಗೆಂದು ಮರೆಯಲೂ ಬೇಡಿ. ಸುಮ್ಮನೆ ಹೋಗದೇ ಇದ್ದರೆ ಫೀಸಿನ ಬಿಲ್ಲು ಬರುತ್ತದೆ. ಬಾಕಿ ಉಳಿದರೆ ಕೆಲವು ಕಡೆ ಟ್ರಾನ್ಸ್‌ಕ್ರಿಪ್ಟನ್ನೇ ತಡೆಹಿಡಿಯುತ್ತಾರೆ. ಹಾಸ್ಟೆಲ್ ಒಪ್ಪಂದ ಬೇರೆಯೇ ಕಾಗದ, ಅದನ್ನೂ ಕೊನೆಯ ದಿನದೊಳಗೆ ರದ್ದು ಮಾಡಿಸಿ. ಹೊಸ ಕಡೆ ಟ್ರಾನ್ಸ್‌ಫರ್‌ನವರಿಗೆ ಹಾಸ್ಟೆಲ್ ಖಾತರಿ ಇದೆಯೇ ಎಂದು ಜೂನ್‌ನಲ್ಲೇ ವಿಚಾರಿಸಿ. ಕೋರ್ಸು ನೋಂದಣಿಯಲ್ಲೂ ನಿಮ್ಮ ಸರದಿ ಕೊನೆಗೆ ಬರುತ್ತದೆ, ಪಟ್ಟಿಯಲ್ಲಿ ಎರಡು ಮೂರು ಬದಲಿ ಕೋರ್ಸು ಇರಲಿ.

ಎರಡನೇ ಸೆಮಿಸ್ಟರ್‌ನ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಕಳಿಸಲು ಮರೆಯಬೇಡಿ. ಸೀಟು ಬಂತೆಂದು ಏಪ್ರಿಲ್, ಮೇನಲ್ಲಿ ಪುಸ್ತಕ ಮಡಚಿಟ್ಟು ಗ್ರೇಡು ಬಿದ್ದರೆ ಕೊಟ್ಟ ಸೀಟನ್ನು ವಾಪಸ್ ಪಡೆಯುವ ಹಕ್ಕು ಅವರಿಗಿದೆ. ಹಳೆಯ ಕಾಲೇಜಿನ ಇಮೇಲ್ ಯಾವ ದಿನ ಬೇಕಾದರೂ ಬಂದ್ ಆಗಬಹುದು. ಅದರಲ್ಲಿರುವ ಸಿಲಬಸ್ಸು, ಲ್ಯಾಬ್ ರಿಪೋರ್ಟು, ಪ್ರೊಫೆಸರ್‌ಗಳ ಪತ್ರ ಎಲ್ಲವನ್ನೂ ಹೊರಡುವ ಮುಂಚೆಯೇ ನಿಮ್ಮ ಸ್ವಂತ ಖಾತೆಗೆ ಇಳಿಸಿಕೊಳ್ಳಿ.